ಕಲಿಯಲು ಹೋದವರು ಮರಳಿ ಬಂದು ಮಾಡಿದ್ದೇನು?

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ 2021ರ ಡಿಸೆಂಬರ್ 23ರಂದು ವಿಧಾನಸಭೆಯು ಮತಾಂತರ ವಿರೋಧಿ ಮಸೂದೆಯನ್ನು ಅಂಗೀಕರಿಸಿತು. ಅದೇ ತಿಂಗಳಲ್ಲಿ ಕತ್ತಿ ಹಿಡಿದ ವ್ಯಕ್ತಿಯೊಬ್ಬ ಇದೇ ನಗರದ ಚರ್ಚೊಂದಕ್ಕೆ ನುಗ್ಗಿ ಪಾದ್ರಿಯನ್ನು ಬೆನ್ನಟ್ಟಿದ್ದ. ವಿದೇಶದ ಹಣ, ವಿದೇಶದ ತರಬೇತಿ, ಬೈಬಲ್ ಕಲಿತು ಬಂದು ಊರು ಕೆಡಿಸುವ ಹುನ್ನಾರ ಎಂಬುದು ಮಸೂದೆಯ ಬೆಂಬಲಿಗರು ಮತ್ತೆ ಮತ್ತೆ ಆಡಿದ ಮಾತು. 2023ರ ಜೂನ್‌ನಲ್ಲಿ ಸಚಿವ ಸಂಪುಟವು ಆ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಆದರೆ ಮಾತು ಮಾತ್ರ ಹಿಂದೆ ಸರಿಯಲಿಲ್ಲ. ಖೇದದ ಸಂಗತಿಯೆಂದರೆ, ನಮ್ಮ ಮೊಹಲ್ಲಾಗಳ ಚಹಾದಂಗಡಿಗಳಲ್ಲಿಯೂ ಅದನ್ನೇ ಉರುಹೊಡೆಯುವವರಿದ್ದಾರೆ.

ಇವರಿಗೆ ನಾವು ಕೇಳುವುದಿಷ್ಟೆ: 1961ರಲ್ಲಿ ಸ್ಥಾಪನೆಯಾದ ಮದೀನಾದ ಇಸ್ಲಾಮೀ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿವೇತನ ಪಡೆದು ಓದಿ ಬಂದ ಭಾರತೀಯ ಯುವಕರು ಯಾರು? ಪಾದ್ರಿಯ ರೋಮ್ ಅಪರಾಧವಾದರೆ ಮೌಲ್ವಿಯ ಮದೀನಾ ಪುಣ್ಯಕಾರ್ಯವಾಗಿ ಉಳಿದೀತೇ? ಇಂದು ಚರ್ಚಿನ ಬಾಗಿಲಿಗೆ ಬಂದ ಬೆರಳು ನಾಳೆ ಮದರಸದ ಬಾಗಿಲಿಗೆ ಬಾರದೆಂಬ ಭ್ರಮೆ ಯಾರಿಗಿದೆ? ಅದು ಈಗಾಗಲೇ ಬಂದಿದೆ.

ಧರ್ಮಗ್ರಂಥವನ್ನು ಕಲಿಯಲು ಕಡಲು ದಾಟುವುದು ಈ ನಾಡಿಗೆ ಹೊಸದೂ ಅಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ಎಂಬ ತರುಣ 1844ರಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದಾಗ ಊರೇ ಕೋಲಾಹಲಕ್ಕೆ ಈಡಾಯಿತು. 1846ರಲ್ಲಿ ಅವರು ಮೋಗ್ಲಿಂಗ್ ಅವರೊಂದಿಗೆ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ಗೆ ತೆರಳಿದರು. ಅಲ್ಲಿನ ಮಿಷನ್ ಸೆಮಿನರಿಯಲ್ಲಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಊರಿಗೆ ಮರಳಿದರು. ಯುರೋಪಿನಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. ಮಂಗಳೂರಿನ ಸೆಮಿನರಿಯಲ್ಲಿ ಇಲ್ಲಿನ ಹುಡುಗರಿಗೆ ಪಾಠ ಹೇಳಿದರು. ಕೊಡಗಿನ ದಲಿತ ಕ್ರೈಸ್ತರಿಗಾಗಿ ಆನಂದಪುರ ಎಂಬ ನೆಲೆಯನ್ನು ಕಟ್ಟಿದರು. ಬೆಳಗಾವಿಯಲ್ಲಂತೂ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲೇ ಕೆಲಸ ಆರಂಭಿಸಿದ್ದರು. ಅದೇ ಮಿಷನ್ನಿನವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು.

ಅವರ ತ್ರಿತ್ವ ಸಿದ್ಧಾಂತವನ್ನು ನಾವು ಒಪ್ಪುವುದಿಲ್ಲ. ಕಂಪೆನಿ ಸರಕಾರದ ನೆರಳಿನಲ್ಲಿ ಮಿಷನ್‌ಗಳು ಬೆಳೆದುವೆಂಬುದನ್ನೂ ಮರೆತಿಲ್ಲ. ಆದರೆ ಒಬ್ಬನು ತಾನು ಸತ್ಯವೆಂದು ನಂಬಿದ್ದನ್ನು ದೂರ ಹೋಗಿ ಕಲಿತು, ತನ್ನ ಜನರ ನುಡಿಯಲ್ಲಿ ತನ್ನ ಜನರಿಗೆ ತಿಳಿಸಿದರೆ ಅದನ್ನು ಆಕ್ಷೇಪಿಸುವ ಬಾಯಿ ನಮಗೆ ಎಲ್ಲಿದೆ? ಪ್ರತಿ ಸಮೂಹದಿಂದಲೂ ಒಂದು ತಂಡ ಹೊರಟು ಧರ್ಮಜ್ಞಾನ ಸಂಪಾದಿಸಬೇಕು, ಮರಳಿ ಬಂದು ತನ್ನವರನ್ನು ಎಚ್ಚರಿಸಬೇಕೆಂದು ಕುರ್‌ಆನ್ ಅತ್ತೌಬಾ ಅಧ್ಯಾಯದ 122ನೆಯ ಸೂಕ್ತದಲ್ಲಿ ಆದೇಶಿಸಿದ್ದು ನಮಗೇ ಅಲ್ಲವೇ? ಮಾಲಿಕ್ ಬಿನ್ ಹುವೈರಿಸ್(ರ) ಮತ್ತು ಅವರ ಸಂಗಾತಿಗಳು ಪ್ರವಾದಿಯವರ(ಸ) ಬಳಿ ಇದ್ದದ್ದು 20 ರಾತ್ರಿಗಳು ಮಾತ್ರ. ಅವರಿಗೆ ಮನೆಯ ನೆನಪಾಗಿರುವುದನ್ನು ಅರಿತ ಪ್ರವಾದಿಯವರು(ಸ), ಹಿಂದಿರುಗಿ ನಿಮ್ಮವರಿಗೆ ಕಲಿಸಿರೆಂದು ಕಳುಹಿಸಿಕೊಟ್ಟರು. ಇಪ್ಪತ್ತು ರಾತ್ರಿ!

ನಮ್ಮವರು ಎಂಟು ಹತ್ತು ವರ್ಷ ಓದುತ್ತಾರೆ. ದೇವ್‌ಬಂದ್, ನದ್ವಾ, ಕೆಲವರು ಮದೀನಾ. ಹಿಂದಿರುಗಿದ ಮೇಲೆ? ಖಾನಾಪುರ ತಾಲೂಕಿನ ಹಳ್ಳಿಗಳ ನಮ್ಮ ಮಕ್ಕಳು ಕನ್ನಡ ಅಥವಾ ಮರಾಠಿ ಶಾಲೆಗೆ ಹೋಗುವವರು. ಮನೆಯ ಉರ್ದು ಮಾರುಕಟ್ಟೆಯ ಲೆಕ್ಕಕ್ಕೆ ಸಾಕು, ಮಿಂಬರಿನಿಂದ ಇಳಿಯುವ ಪಾರಸಿ ಬೆರೆತ ಉರ್ದುವಿಗೆ ಸಾಲದು. ಶುಕ್ರವಾರ ಮುಕ್ಕಾಲು ಗಂಟೆ ತಲೆ ತಗ್ಗಿಸಿ ಕುಳಿತ ಹುಡುಗ ಏನನ್ನು ಹೊತ್ತು ಮನೆಗೆ ಹೋಗುತ್ತಾನೆ? ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನಾಂಗದ ಭಾಷೆಯಲ್ಲೇ ಕಳುಹಿಸಿದ್ದಾಗಿ ಅಲ್ಲಾಹನು ಇಬ್ರಾಹೀಮ್ ಅಧ್ಯಾಯದಲ್ಲಿ ಹೇಳಿರುವಾಗ, ಕನ್ನಡದಲ್ಲಿ ದೀನ್ ಹೇಳಿದರೆ ದೀನಿನ ಘನತೆ ಕುಗ್ಗುತ್ತದೆಂದು ಹೇಳಿಕೊಟ್ಟವರು ಯಾರು? ಕುರ್‌ಆನಿನ ಕನ್ನಡ ಅನುವಾದ ಅಂಗಡಿಯಲ್ಲಿ ದೊರೆಯುತ್ತದೆ. ಎಷ್ಟು ಮಸೀದಿಗಳ ಕಪಾಟಿನಲ್ಲಿದೆ?

ಮೌಲ್ವಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಬಾಸೆಲ್ ಮಿಷನ್ ಕೌಂಡಿನ್ಯರಿಗೆ ಮರಳಿದ ಕೂಡಲೇ ಕಲಿಸುವ ಪೀಠ ಕೊಟ್ಟಿತು. ನಾವು ಕೊಡುವುದು ಮಸೀದಿಯ ಪಕ್ಕದ ಒಂದು ಕೋಣೆ, ಗಾರೆ ಕೆಲಸದವನ ಕೂಲಿಗಿಂತ ಕಡಿಮೆ ಸಂಬಳ, ಜೊತೆಗೆ ಕಮಿಟಿಯ ಅಧ್ಯಕ್ಷರ ಮುಖ ನೋಡಿ ಮಾತಾಡಬೇಕಾದ ಭಯ. ಮದುವೆ ಹಾಲಿನ ದೀಪಾಲಂಕಾರಕ್ಕೆ ಒಂದೇ ರಾತ್ರಿ ಸುರಿಯುವ ಹಣದಲ್ಲಿ ಅವರ ವರ್ಷದ ಸಂಬಳ ಹುಟ್ಟುತ್ತದೆ. ಹೀಗಿರುವಾಗ ಬುದ್ಧಿವಂತ ಆಲಿಮ್ ಖಾನಾಪುರಕ್ಕೆ ಏಕೆ ಬಂದಾನು? ಗಲ್ಫಿಗೆ ಹೋಗುತ್ತಾನೆ.

ಬೆಳಗಾವಿ ಮತ್ತು ಖಾನಾಪುರದ ಜಮಾಅತ್‌ಗಳ ಹೊಣೆಗಾರರು ಮುಂದಿನ ರಮಝಾನಿನ ಚಂದಾ ಎತ್ತುವ ಮೊದಲೇ ಉತ್ತರಿಸಲಿ: ನಿಮ್ಮ ಮೊಹಲ್ಲಾದ ಮಕ್ಕಳಿಗೆ ಅವರು ಬಲ್ಲ ಭಾಷೆಯಲ್ಲಿ ಕುರ್‌ಆನಿನ ಅರ್ಥ ಹೇಳುವ ಒಬ್ಬ ಆಲಿಮರನ್ನು ಮರ್ಯಾದೆಯ ಸಂಬಳ ಕೊಟ್ಟು ನೇಮಿಸುತ್ತೀರಾ, ಇಲ್ಲವಾ?