ಮಾವಿನ ಹಾದಿಯೂ ನಕಾಶೆಯೂ

2025ರ ಜೂನ್ ತಿಂಗಳಲ್ಲಿ ಶ್ರೀನಿವಾಸಪುರ ಸೀಮೆಯ ತೋತಾಪುರಿ ಮಾವಿಗೆ ಒದಗಿದ ದುರ್ಗತಿಯನ್ನು ನಮ್ಮ ವಾಚಕರು ಮರೆತಿರಲಾರರು. ಹೊರರಾಜ್ಯಗಳ ತೋತಾಪುರಿ ಕಾಯಿ ತಮ್ಮ ಜಿಲ್ಲೆಯೊಳಕ್ಕೆ ಬರಕೂಡದೆಂದು ಚಿತ್ತೂರು ಜಿಲ್ಲಾಡಳಿತದವರು ಆ ತಿಂಗಳ 7ನೆಯ ತಾರೀಖಿನಲ್ಲಿ ಅಪ್ಪಣೆ ಹೊರಡಿಸಿದರು. ಕಂದಾಯ, ಪೊಲೀಸು, ಅರಣ್ಯ, ಮಾರುಕಟ್ಟೆ ಇಲಾಖೆಗಳ ನೌಕರರು ಗಡಿಯ ಠಾಣೆಗಳಲ್ಲಿ ಕಾವಲು ನಿಂತರು. ಮುಳಬಾಗಿಲನ್ನು ದಾಟಿ ನಂಗಲಿಯ ಮೇಲೆ ಪಲಮನೇರಿನತ್ತ ಸಾಗುವ ಹೆದ್ದಾರಿಯು ಎಷ್ಟೋ ವರ್ಷಗಳಿಂದ ಕೋಲಾರದ ಕಾಯಿಯನ್ನು ಚಿತ್ತೂರಿನ ತಿರುಳಿನ ಕಾರಖಾನೆಗಳಿಗೆ ಮುಟ್ಟಿಸುತ್ತಿದ್ದ ಹಾದಿ. ಅದು ಒಂದೇ ಒಂದು ಕಾಗದದಿಂದ ಮುಚ್ಚಿಹೋಯಿತು. ಕ್ವಿಂಟಾಲಿಗೆ 12,000 ರೂಪಾಯಿಯಷ್ಟಿದ್ದ ಮಾವಿನ ಧಾರಣೆಯು 3,000ಕ್ಕೆ ಇಳಿದಿದೆಯೆಂದೂ, ರಾಜ್ಯದ ಕೃಷಿ ಬೆಲೆ ಆಯೋಗವು ಲೆಕ್ಕ ಹಾಕಿರುವ ಬೇಸಾಯದ ವೆಚ್ಚವೇ 5,466 ರೂಪಾಯಿಯಾಗುವುದೆಂದೂ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಆಗ ಕೇಂದ್ರ ಸರ್ಕಾರದವರಿಗೆ ತಿಳಿಸಿದರು. ಕೇಂದ್ರದವರು 1,616 ರೂಪಾಯಿಯ ದರವನ್ನು ಗೊತ್ತುಮಾಡಿ, 2.5 ಲಕ್ಷ ಟನ್ನಿನವರೆಗೆ ಬೆಲೆಯ ವ್ಯತ್ಯಾಸವನ್ನು ತುಂಬಿಕೊಡಲು ಸಮ್ಮತಿಸಿದರು.

ನೆರೆಯ ಆಂಧ್ರ ಸೋದರರ ಮೇಲೆ ಹರಿಹಾಯುವುದಕ್ಕಾಗಿ ನಾವು ಈ ಸಂಗತಿಯನ್ನು ಮತ್ತೆ ಎತ್ತುತ್ತಿಲ್ಲ. ಅವರ ರೈತರ ಮರಗಳಲ್ಲಿಯೂ ಕಾಯಿ ಜೋಲುತ್ತಿತ್ತು. ಅವರ ಕಾರಖಾನೆಗಳಲ್ಲಿಯೂ ಹಿಂದಿನ ವರ್ಷದ ತಿರುಳು ಮಾರಾಟವಾಗದೆ ಉಳಿದಿತ್ತು. ಸಂವಿಧಾನದ 301ನೆಯ ವಿಧಿಯು ದೇಶದ ಉದ್ದಗಲಕ್ಕೂ ವ್ಯಾಪಾರದ ಸ್ವಾತಂತ್ರ್ಯವನ್ನು ಸಾರುವಾಗ ಒಂದು ಜಿಲ್ಲೆಯು ಬಾಗಿಲು ಹಾಕಿಕೊಳ್ಳಬಹುದೇ ಎಂಬುದು ನ್ಯಾಯವೇತ್ತರ ವಿಚಾರಕ್ಕೆ ಬಿಟ್ಟದ್ದು. ನಾವು ಕೇಳುವ ಪ್ರಶ್ನೆ ಬೇರೆ. ಅನ್ಯ ರಾಜ್ಯದ ಒಂದು ಜಿಲ್ಲೆಯ ಅಪ್ಪಣೆಯಿಂದ ಕನ್ನಡ ನಾಡಿನ ಇಡೀ ಒಂದು ಸೀಮೆಯ ಫಸಲು ನೆಲಕಚ್ಚುವ ಸ್ಥಿತಿಯಲ್ಲಿತ್ತೆಂಬುದು ನಮ್ಮ ಸರ್ಕಾರದವರಿಗೆ ಮೇ ತಿಂಗಳಲ್ಲಿ ಏಕೆ ತಿಳಿದಿರಲಿಲ್ಲ? ಶ್ರೀನಿವಾಸಪುರದ ಯಾವ ಮಂಡಿಯ ಗುಮಾಸ್ತನನ್ನು ಕೇಳಿದ್ದರೂ ಅವನು ನಿಂತ ನಿಲುವಿನಲ್ಲಿ ಹೇಳುತ್ತಿದ್ದನು. ಇಲಾಖೆಯ ಕಾಗದಗಳಲ್ಲಿ ಮಾತ್ರ ಅದು ಎಲ್ಲಿಯೂ ಕಾಣಿಸುವಂತಿರಲಿಲ್ಲ.

ನಮ್ಮಲ್ಲಿ ನಕಾಶೆಗಳಿಗೆ ಬರವೆಂದು ಯಾರೂ ತಿಳಿಯಬಾರದು. ಕೃತಕ ಉಪಗ್ರಹಗಳ ಚಿತ್ರಗಳಿಂದ ತೋಟದ ಬೆಳೆಗಳ ವಿಸ್ತೀರ್ಣವನ್ನಳೆಯುವ ‘ಚಮನ್’ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರವು 2014ರಲ್ಲಿಯೇ ಕೈಗೊಂಡಿತು. ಮಾವು, ಬಾಳೆ, ನಿಂಬೆ ಜಾತಿಯ ಹಣ್ಣುಗಳು, ಆಲೂಗಡ್ಡೆ, ಈರುಳ್ಳಿ, ಟೊಮೇಟೊ, ಮೆಣಸಿನಕಾಯಿ ಎಂಬ ಏಳು ಬೆಳೆಗಳನ್ನು ಅದು ಆರಿಸಿಕೊಂಡಿತು. ಕೊಯ್ಲಿನ ನಂತರದ ಕಟ್ಟಡಗಳನ್ನು ಎಲ್ಲಿ ಕಟ್ಟಬೇಕೆಂಬುದನ್ನು ಭೂಪಟದ ಮೂಲಕ ಗೊತ್ತುಪಡಿಸುವುದೂ ಅದರ ಉದ್ದೇಶಗಳಲ್ಲಿ ಸೇರಿತ್ತು. ನಮ್ಮ ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಸಿದ್ಧಪಡಿಸಿದ ‘ದಿಶಾಂಕ್’ ಎಂಬ ಸಾಧನದಿಂದ, ತಾನು ನಿಂತ ಜಾಗದ ಸರ್ವೆ ನಂಬರು ಯಾವುದೆಂದು ಹಳ್ಳಿಯ ಹುಡುಗನೂ ಕೈಫೋನಿನಲ್ಲಿ ನೋಡಿಕೊಳ್ಳಬಲ್ಲನು. ಬೆಳೆ ಸಮೀಕ್ಷೆಯವರು ಸರ್ವೆ ನಂಬರುವಾರು ಹೊಲಗಳಿಗೆ ಹೋಗಿ ಬೆಳೆಯನ್ನು ಬರೆದುಕೊಂಡು ಬರುತ್ತಾರೆ. ಇಷ್ಟೆಲ್ಲ ಇದ್ದರೂ ಇವುಗಳ ರೇಖೆ ತೋಟದ ಬೇಲಿಯ ಬಳಿ ನಿಂತುಬಿಡುವುದು. ಮರವೆಲ್ಲಿದೆಯೆಂದು ಸರ್ಕಾರವು ಬಲ್ಲುದು. ಕಾಯಿ ಎಲ್ಲಿಗೆ ಹೋಗುವುದೆಂದು ಅರಿಯದು.

ಕೊಯ್ಲಿನ ಮೇಲಿನ ಹಾದಿಯ ನಕಾಶೆಯೆಂದರೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇರಿಸಿದಂತೆ ಇದರಲ್ಲಿ ಹಲವು ಪದರಗಳಿರುವುವು. ಮೊದಲನೆಯದರಲ್ಲಿ ತೋಪುಗಳು. ಬೇಸಗೆಯಲ್ಲಿ ಸುತ್ತಲಿನ ರಾಗಿಯ ಹೊಲಗಳು ಬರಿದಾಗಿರುವಾಗ ಮಾವು ಮಾತ್ರ ಹಸುರಾಗಿ ನಿಲ್ಲುವುದರಿಂದ ಉಪಗ್ರಹದ ಕಣ್ಣಿಗೆ ಅದನ್ನು ಬೇರ್ಪಡಿಸುವುದು ಸುಲಭ. ಎರಡನೆಯದರಲ್ಲಿ ಮಂಡಿ, ಹಣ್ಣು ಮಾಗಿಸುವ ಕೋಣೆ, ಶೈತ್ಯಾಗಾರ, ತಿರುಳಿನ ಕಾರಖಾನೆ, ರೈಲು ನಿಲ್ದಾಣ. ಪ್ರತಿಯೊಂದರ ಪಕ್ಕದಲ್ಲಿಯೂ ಅದು ದಿನಕ್ಕೆ ಎಷ್ಟು ಟನ್ನು ಸ್ವೀಕರಿಸಬಲ್ಲುದೆಂಬ ಅಂಕಿ. ಮೂರನೆಯದರಲ್ಲಿ ರಸ್ತೆಗಳು, ಇವುಗಳನ್ನು ಮೈಲಿಗಳಿಂದಲ್ಲ, ತುಂಬಿದ ಲಾರಿಗೆ ಹಿಡಿಯುವ ಗಂಟೆಗಳಿಂದ ಅಳೆಯಬೇಕು. ತೋಪಿನಿಂದ ಮಂಡಿಗೆ ಹೋಗುವ ಹಾದಿಯ ಮೊದಲ ನಾಲ್ಕು ಮೈಲಿಯೇ ಕೆಲವೊಮ್ಮೆ ಉಳಿದ ಹಾದಿಗಿಂತ ಹೆಚ್ಚು ಹೊತ್ತನ್ನು ನುಂಗುವುದು. ನಾಲ್ಕನೆಯದೇ ಮುಖ್ಯವಾದುದು: ಯಾವ ವಾರದಲ್ಲಿ ಯಾವ ಹೋಬಳಿಯ ಕಾಯಿ ಬಲಿಯುವುದೆಂಬ ಪಂಚಾಂಗ. ರಾಮನಗರದ ಹಣ್ಣು ಏಪ್ರಿಲಿನಲ್ಲಿ ಪೇಟೆಗೆ ಮುಂದಾಗಿ ಬರುವುದು. ಕೋಲಾರದ ಭರಾಟೆ ಅದರ ಹಿಂದೆ ಬಂದು ಜುಲೈವರೆಗೂ ನಡೆಯುವುದು. ಈ ನಾಲ್ಕು ಪದರಗಳನ್ನು ಕೂಡಿಸಿ ನೋಡಿದವನಿಗೆ, ಜೂನ್ ಎರಡನೆಯ ವಾರದಲ್ಲಿ ಶ್ರೀನಿವಾಸಪುರದಿಂದ ಆರು ಗಂಟೆಗಳ ಹಾದಿಯೊಳಗೆ ಎಷ್ಟು ಕಾಯಿಗೆ ಬಾಯಿಯುಂಟು, ಎಷ್ಟಕ್ಕೆ ಇಲ್ಲ, ಆ ಬಾಯಿಗಳಲ್ಲಿ ಗಡಿಯಾಚೆಯವು ಎಷ್ಟು ಎಂಬುದು ಫೆಬ್ರವರಿಯಲ್ಲಿಯೇ ಕಣ್ಣಿಗೆ ಕಟ್ಟುವುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿರಲಾರೆವು. ಸರ್ಕಾರದವರಿಗೆ ಹಣ್ಣು ಕೆಡುತ್ತದೆಯೆಂದು ಹೇಳಿದೊಡನೆ ‘ತಾಲ್ಲೂಕಿಗೊಂದು ಶೈತ್ಯಾಗಾರ’ ಎಂಬ ಮಂತ್ರವು ಬಾಯಿಗೆ ಬರುವುದು. ಮಾವು ಆಲೂಗಡ್ಡೆಯಲ್ಲ. ಬಲಿತ ಕಾಯಿಯನ್ನು 12–13 ಡಿಗ್ರಿ ತಂಪಿನಲ್ಲಿಟ್ಟರೆ ಎರಡು ಮೂರು ವಾರ ಹೇಗೋ ತಾಳಬಹುದು. ಅದಕ್ಕಿಂತ ತಣ್ಣಗಾದರೆ ಸಿಪ್ಪೆ ಕಂದಿ, ಹಣ್ಣು ಮಾಗದೆ ಕೆಡುವುದು. ಬ್ಯಾಡಗಿಯ ಸುತ್ತ ಕಾಣುವ ಶೈತ್ಯಾಗಾರಗಳು ಮೆಣಸಿನಕಾಯಿಗಾಗಿ ಕಟ್ಟಿದವು. ‘ರಾಜ್ಯದಲ್ಲಿ ಇಷ್ಟು ಟನ್ನಿನ ಶೀತಗೃಹಗಳುಂಟು’ ಎಂಬ ಒಟ್ಟು ಲೆಕ್ಕವನ್ನು ವರದಿಯಲ್ಲಿ ಬರೆದರೆ ಬ್ಯಾಡಗಿಯ ಕೋಣೆಯೂ ಅದರಲ್ಲಿ ಸೇರಿಕೊಳ್ಳುವುದು. ಆದರೆ ಚಿಂತಾಮಣಿಯ ಮಾವಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಒಟ್ಟು ಲೆಕ್ಕವು ಮರೆಮಾಚುವುದನ್ನು ನಕಾಶೆಯು ಬಯಲುಮಾಡುವುದು.

ಇನ್ನೂ ಒಂದು ಮಾತು. ಮಾವು ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಪದಾರ್ಥಗಳು ಅಡಗಿವೆ. ಬಾದಾಮಿ, ರಸಪುರಿ, ಮಲ್ಲಿಕಾ, ಬಂಗನಪಲ್ಲಿಗಳು ತಿನ್ನುವ ಹಣ್ಣುಗಳು. ಅವುಗಳಿಗೆ ಬೇಕಾದುದು ತೊಟ್ಟು ಬಿಟ್ಟು ಕೊಯ್ಯುವ ಕೈ, ಸೊನೆ ತಾಗದಂತೆ ಒಣಗಿಸುವ ನೆರಳು, ಒಳ್ಳೆಯ ಪೆಟ್ಟಿಗೆ, ಇಥಿಲೀನ್ ಅನಿಲದಿಂದ ಹದವಾಗಿ ಮಾಗಿಸುವ ಕೋಣೆ. ಈ ಅನಿಲವನ್ನು ಮಿತಿಯಲ್ಲಿ ಬಳಸಲು 2016ರಿಂದ ಅನುಮತಿಯುಂಟು. ಕಾರ್ಬೈಡು ಹಾಕಿ ಹಣ್ಣು ಮಾಡುವುದು ನಿಷಿದ್ಧವಾಗಿದ್ದರೂ, ಕೋಣೆ ಎಲ್ಲಿದೆಯೆಂದು ತಿಳಿಯದ ಸಣ್ಣ ವ್ಯಾಪಾರಿಗೆ ಸುಲಭದ ಆಸೆ ಅದರ ಮೇಲೆಯೇ. ತೋತಾಪುರಿಯ ಕಥೆಯೇ ಬೇರೆ. ಅದರ ಬಹುಭಾಗವು ಕಾರಖಾನೆಯ ಹಂಡೆಗೆ ಹೋಗತಕ್ಕದ್ದು. ಅದಕ್ಕೆ ಪೆಟ್ಟಿಗೆಯಿಂದಲೂ ತಂಪಿನಿಂದಲೂ ಆಗಬೇಕಾದುದು ಸ್ವಲ್ಪ. ಬೇಕಾದುದು ಹತ್ತಿರದ ಕಾರಖಾನೆ. ಅಂಥ ಕಾರಖಾನೆಗಳು ಹೆಚ್ಚಾಗಿ ಬೆಳೆದುದು ಚಿತ್ತೂರಿನಲ್ಲಿ ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ. ಮರಗಳು ಹೆಚ್ಚಾಗಿ ಬೆಳೆದುದು ನಮ್ಮ ಕಡೆಯಲ್ಲಿಯೂ. ಗಿಡ ನೆಡಲು ಸಹಾಯಧನ ಕೊಟ್ಟವರು ಕಾಯಿಯ ಹಾದಿಯನ್ನು ನೋಡಲಿಲ್ಲವೆಂದೇ ನಾವು ನಿಷ್ಠುರವಾಗಿ ಹೇಳಬೇಕಾಗಿದೆ.

ನಷ್ಟದ ಅಂಕಿಗಳು ಇಲ್ಲವೆಂದಲ್ಲ. ಲುಧಿಯಾನದ ಕೇಂದ್ರೀಯ ಕೊಯ್ಲೋತ್ತರ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮಾವಿನ ನಷ್ಟವು ನೂರಕ್ಕೆ 9.16, ಸೀಬೆಯದು 15.88. 2022ರಲ್ಲಿ ಬಂದ ಮತ್ತೊಂದು ಅಖಿಲ ಭಾರತ ಸಮೀಕ್ಷೆಯಂತೆ ಹಣ್ಣುಗಳ ನಷ್ಟವು ಜಾತಿಗನುಸಾರವಾಗಿ 6ರಿಂದ 15ರವರೆಗೆ. ಏಳು ವರ್ಷಗಳಲ್ಲಿ ಸ್ಥಿತಿಯು ಹೆಚ್ಚೇನೂ ಬದಲಾಗಲಿಲ್ಲವೆಂಬುದನ್ನು ಇವು ತೋರಿಸುತ್ತವೆ. ನಷ್ಟವಾಗುವುದು ಎಲ್ಲಿ ಎಂಬುದನ್ನು ಮಾತ್ರ ತೋರಿಸವು. ಮರದ ಬುಡದಲ್ಲಿಯೋ, ಬಿಸಿಲಿನಲ್ಲಿ ನಿಂತ ಟ್ರ್ಯಾಕ್ಟರಿನಲ್ಲಿಯೋ, ಮಂಡಿಯ ರಾಶಿಯಲ್ಲಿಯೋ, ದೆಹಲಿಯ ಹಾದಿಯಲ್ಲಿಯೋ? ಉಷ್ಣಮಾನವು ಹತ್ತು ಡಿಗ್ರಿ ಏರಿದರೆ ಹಣ್ಣಿನ ಉಸಿರಾಟವು ಎರಡು ಮೂರು ಪಟ್ಟಾಗುವುದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಹಾಗಿರುವಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಕಾದು ನಿಂತ ನಾಲ್ಕು ಗಂಟೆ, ಮುಂದಿನ ನಾಲ್ಕು ದಿನಗಳ ಆಯುಸ್ಸನ್ನು ಕಸಿದುಕೊಂಡರೆ ಆಶ್ಚರ್ಯವೇನು? ರಾಷ್ಟ್ರದ ಸರಾಸರಿಯನ್ನು ಹಿಡಿದು ಯಾವ ಅಧಿಕಾರಿಯೂ ಯಾವ ಊರಿನಲ್ಲಿಯೂ ಒಂದು ಚಪ್ಪರವನ್ನು ಕೂಡ ಹಾಕಿಸಲಾರನು.

ಪರದೇಶದ ಗಿರಾಕಿಯ ವಿಷಯದಲ್ಲಿ ನಮ್ಮವರು ಇಷ್ಟು ಅಲಸರಲ್ಲ. ಹಣ್ಣಿನ ನೊಣ ಕಂಡುಬಂದಿತೆಂದು ಐರೋಪ್ಯ ಒಕ್ಕೂಟದವರು 2014ರ ಮೇ 1ರಿಂದ ನಮ್ಮ ಮಾವನ್ನು ತಡೆದರು. ರಫ್ತಿನ ತೋಟಗಳನ್ನು ಒಂದೊಂದಾಗಿ ನೋಂದಾಯಿಸಿ, ಪೆಟ್ಟಿಗೆಯಿಂದ ತೋಟದವರೆಗೆ ಜಾಡು ಹಿಡಿಯುವ ‘ಮ್ಯಾಂಗೋನೆಟ್’ ಎಂಬ ವ್ಯವಸ್ಥೆಯನ್ನು ನಮ್ಮವರು ಬಲಪಡಿಸಿದರು; 2015ರ ಆರಂಭದಲ್ಲಿ ತಡೆ ತೆರವಾಯಿತು. ಲಂಡನ್ನಿನ ಅಂಗಡಿಯಲ್ಲಿ ಕೊಂಡ ಹಣ್ಣು ಯಾವ ರೈತನ ತೋಟದ್ದೆಂದು ಹೇಳಲು ಶಕ್ತರಾದ ನಾವು, ನಂಗಲಿಯ ಠಾಣೆಯಲ್ಲಿ ಕೊಳೆಯುವ ಲಾರಿಯ ಕಾಯಿ ಎಲ್ಲಿಯದು, ಅದಕ್ಕೆ ಬೇರೆ ಹಾದಿ ಯಾವುದು ಎಂದು ಹೇಳಲು ಏಕೆ ಅಶಕ್ತರಾದೆವು?

ಈ ನಾಡಿನಲ್ಲಿ ನಕಾಶೆಯು ಹುಟ್ಟಿದ ಬಗೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದೊಡನೆ ಕಂಪೆನಿಯವರು ಕಾಲಿನ್ ಮೆಕೆಂಝಿಯನ್ನು ಮೈಸೂರು ಸೀಮೆಯ ಮೋಜಣಿಗೆ ನೇಮಿಸಿದರು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ತನ್ನ ಆಧಾರರೇಖೆಯನ್ನಳೆದನು. ಅವರ ವಿದ್ಯೆ ದೊಡ್ಡದು, ಒಪ್ಪಬೇಕಾದುದೇ. ಆದರೆ ಅವರ ನಕಾಶೆಯು ದಂಡಿಗೂ ಕಂದಾಯಕ್ಕೂ ಬೇಕಾದ ನಕಾಶೆ. ರೈತನು ಅದರಲ್ಲಿ ತೆರಿಗೆ ಕೊಡುವವನಾಗಿ ಕಾಣಿಸಿಕೊಂಡನೇ ಹೊರತು ಮಾರುವವನಾಗಿ ಅಲ್ಲ. ಸ್ವಾತಂತ್ರ್ಯ ಬಂದ ಮೇಲೂ ನಕಾಶೆಯು ಕಪಾಟಿನೊಳಗಿನ ಗುಟ್ಟಾಗಿಯೇ ಬಹುಕಾಲ ಉಳಿಯಿತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭೂಪಟ ರಚನೆಯ ಕಟ್ಟುಗಳನ್ನು ಸಡಿಲಿಸಿ, ಭಾರತೀಯ ಸಂಸ್ಥೆಗಳು ಪರವಾನಗಿಯಿಲ್ಲದೆ ನಕಾಶೆಗಳನ್ನು ರಚಿಸಬಹುದೆಂದು ಸಾರಿತು. ಬೀಗವೇನೋ ತೆಗೆದಂತಾಯಿತು. ಒಳಹೊಕ್ಕವರು ಯಾರು? ದೊಡ್ಡ ಸಾಗಾಟದ ಕಂಪೆನಿಗಳು ತಮ್ಮ ಲಾರಿಗಳ ಹಾದಿಯನ್ನು ಗಳಿಗೆ ಗಳಿಗೆಗೂ ಬಲ್ಲವು. ಯಾವ ಮಂಡಿಗೆ ಎಷ್ಟು ಕಾಯಿ ಬರುತ್ತಿದೆಯೆಂದು ದೊಡ್ಡ ಖರೀದಿದಾರನು ಹಿಂದಿನ ರಾತ್ರಿಯೇ ತಿಳಿದಿರುವನು. ಅರಿಯದವನು ಬೆಳೆದವನೊಬ್ಬನೇ.

ಈ ಕಾರಣದಿಂದಲೇ, ಸರ್ಕಾರದವರು ಇಂಥ ನಕಾಶೆಯನ್ನು ರಚಿಸಿ ಮತ್ತೆ ಕಪಾಟಿನಲ್ಲಿಡುವುದಾದರೆ, ಅಥವಾ ಗುತ್ತಿಗೆ ಹಿಡಿದ ಕಂಪೆನಿಯ ಸ್ವತ್ತಾಗಿ ಬಿಡುವುದಾದರೆ, ಅದನ್ನು ರಚಿಸದಿರುವುದೇ ಮೇಲೆಂದು ನಮ್ಮ ಅಭಿಪ್ರಾಯ. ಅರ್ಧ ಜನರಿಗೆ ಮಾತ್ರ ಕಾಣುವ ನಕಾಶೆಯು ಕಾಣದವರ ಕೊರಳಿಗೆ ಹಗ್ಗವಾಗುವುದು.

ಆಕ್ಷೇಪಗಳನ್ನು ನಾವು ಬಲ್ಲೆವು. ಮೇಲಿನಿಂದ ನೋಡುವ ಯಂತ್ರಕ್ಕೆ ಬಾದಾಮಿಯ ಮರಕ್ಕೂ ತೋತಾಪುರಿಯ ಮರಕ್ಕೂ ಭೇದ ಹೇಳುವುದು ಕಷ್ಟ. ತೋಪಿಗೆ ನಡೆದುಹೋಗಿ ಜಾತಿಯನ್ನು ಕೇಳಿಯೇ ಬರೆಯಬೇಕು. ಮಾವು ಒಂದು ವರ್ಷ ಬಿಟ್ಟರೆ ಮರುವರ್ಷ ಕೈಕೊಡುವ ಮರ. ವಿಸ್ತೀರ್ಣವನ್ನು ನೋಡಿ ಫಸಲನ್ನು ಹೇಳಲಾಗದು. ಕಾರಖಾನೆಯವರು ತಮ್ಮ ದಾಸ್ತಾನನ್ನು ಮನಸ್ಸಾರೆ ತಿಳಿಸಲಾರರು. ಇವೆಲ್ಲ ನಿಜ. ನಕಾಶೆಯು ತಾನಾಗಿಯೇ ಧಾರಣೆಯನ್ನು ಏರಿಸಲಾರದೆಂಬುದೂ ನಿಜ. ಜಗತ್ತಿಗೆ ತಿರುಳು ಬೇಡವಾದ ವರ್ಷದಲ್ಲಿ ಯಾವ ರೇಖೆಯೂ ಕೊಳ್ಳುವವನನ್ನು ಹುಟ್ಟಿಸದು. ಆದರೆ ಹೇಗೂ ಸರ್ವೆ ನಂಬರುವಾರು ಸುತ್ತುವ ಬೆಳೆ ಸಮೀಕ್ಷೆಯವರು ಜಾತಿಯ ಹೆಸರನ್ನೂ ಮರದ ವಯಸ್ಸನ್ನೂ ಬರೆದುಕೊಳ್ಳುವುದಕ್ಕೆ ಬೊಕ್ಕಸವು ಬರಿದಾಗಬೇಕಿಲ್ಲ. ಸಹಾಯಧನ ಪಡೆಯುವ ಕಾರಖಾನೆಯು ತನ್ನ ಸಾಮರ್ಥ್ಯವನ್ನೂ ದಾಸ್ತಾನನ್ನೂ ತಿಳಿಸಬೇಕೆಂದು ಷರತ್ತು ಹಾಕುವುದೂ ಅನ್ಯಾಯವಲ್ಲ. ಮೂರು ರಾಜ್ಯಗಳ ಗಡಿಯಲ್ಲಿ ಹರಡಿರುವ ಈ ಒಂದೇ ಮಾವಿನ ಸೀಮೆಯನ್ನು ಮೂರು ರಾಜ್ಯಗಳವರೂ ಒಂದೇ ಹಾಳೆಯ ಮೇಲೆ ಬರೆಯಲೊಪ್ಪಿದರೆ, ಮುಂದಿನ ಸಲ ಜಗಳವು ಠಾಣೆಯಲ್ಲಿ ನಡೆಯುವ ಬದಲು ಮಾತುಕತೆಯ ಮೇಜಿನ ಮುಂದೆ, ಅದೂ ಕಾಯಿ ಮರದಲ್ಲಿರುವಾಗಲೇ ನಡೆಯುವುದು.

ಕಾಲದ ವಿಷಯವಾಗಿ ಒಂದು ಮಾತು ಉಳಿದಿದೆ. ನಮ್ಮ ಕಡೆಯ ಸಣ್ಣ ರೈತರಲ್ಲಿ ಅನೇಕರು ಕಾಯಿ ಕಿತ್ತು ಮಾರುವವರಲ್ಲ. ಹೂವು ಬಿಟ್ಟಾಗಲೋ ಹೀಚಾದಾಗಲೋ ತೋಪಿನ ಫಸಲನ್ನು ಗುತ್ತಿಗೆಗೆ ಕೊಟ್ಟುಬಿಡುವರು. ಗುತ್ತಿಗೆದಾರನಿಗೆ ಮಂಡಿಯೂ ಕಾರಖಾನೆಯೂ ಹಾದಿಯೂ ಗೊತ್ತು. ರೈತನಿಗೆ ಗೊತ್ತಿರುವುದು ಮಗಳ ಮದುವೆಯ ದಿನ ಅಥವಾ ಸೊಸೈಟಿಯ ಸಾಲದ ಕಂತು. ಜೂನಿನಲ್ಲಿ ಹೊರಬೀಳುವ ನಕಾಶೆಯು ಅವನ ಪಾಲಿಗೆ ಬಂದರೂ ಬಾರದಂತೆಯೇ. ಕಳೆದ ವರ್ಷದ ತಿರುಳು ಎಲ್ಲೆಲ್ಲಿ ಎಷ್ಟು ಉಳಿದಿದೆ, ಈ ವರ್ಷ ಯಾವ ಕಾರಖಾನೆಯು ಎಷ್ಟು ಕೊಳ್ಳಬಲ್ಲುದು, ತನ್ನ ಹೋಬಳಿಯಿಂದ ಯಾವ ಪೇಟೆಗೆ ಎಷ್ಟು ಗಂಟೆಯ ಹಾದಿ ಎಂಬುದು ಜನವರಿ ಮುಗಿಯುವುದರೊಳಗೆ, ಕನ್ನಡದಲ್ಲಿ, ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಅಂಟಿರಬೇಕು. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಅದರ ಪಕ್ಕಕ್ಕೆ ತೆಲುಗಿನಲ್ಲಿಯೂ ಒಂದು ಪ್ರತಿಯನ್ನು ಅಂಟಿಸಿದರೆ ಇನ್ನೂ ಒಳ್ಳೆಯದು. ಆ ಕಡೆಯ ತೋಪುಗಳಲ್ಲಿ ಆ ಭಾಷೆಯನ್ನಾಡುವ ನಮ್ಮ ರೈತರೂ ಬಹಳ ಮಂದಿಯಿರುವರು.