ಗರಗಸಕ್ಕೂ ಚಾರ್ಜು ಬೇಕು
2023ರ ಫೆಬ್ರುವರಿ ಆರಂಭದಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಓಕ್ ಮರಗಳ ಕೊಂಬೆಗಳು ಹಿಮಗಡ್ಡೆಯ ಭಾರ ತಾಳಲಾರದೆ ಲಟಲಟನೆ ಮುರಿದು ತಂತಿಗಳ ಮೇಲೆ ಬಿದ್ದವು. 2024ರ ಮೇ 28ರ ಬಿರುಗಾಳಿ ಡಲ್ಲಾಸನ್ನು ಕತ್ತಲಲ್ಲಿಟ್ಟಿತು. ಜುಲೈ 8ರ ಬೆರಿಲ್ ಚಂಡಮಾರುತಕ್ಕೆ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟ್ ಹೋಯಿತು. ಹೀಗೆ ಬಿದ್ದ ಕೊಂಬೆಗಳನ್ನು ಕಡಿಯುವ ಬ್ಯಾಟರಿ ಚೈನ್‌ಸಾದ ಪೇಚು ಇದೇ: ಅದು ಬೇಕಾದ ದಿನವೇ ಚಾರ್ಜು ಮಾಡಲು ಕರೆಂಟ್ ಇರುವುದಿಲ್ಲ. ಹಾಗಾಗಿ ಕೊಳ್ಳುವಾಗ ಡಬ್ಬದ ಮೇಲಿನ ವೋಲ್ಟ್ ಅಂಕಿಯೊಂದಕ್ಕೇ ಮರುಳಾಗದೆ ಅದನ್ನು ಆಂಪಿಯರ್-ಅವರ್‌ನಿಂದ ಗುಣಿಸಿ ನೋಡಬೇಕು. 56 ವೋಲ್ಟ್, 5 ಆಂಪಿಯರ್-ಅವರ್ ಎಂದರೆ 280 ವಾಟ್-ಅವರ್, 2.5 ಆದರೆ ಅದರರ್ಧ. ಜೊತೆಗೊಂದು ಹೆಚ್ಚುವರಿ ಬ್ಯಾಟರಿ ಇರಲೇಬೇಕು, ಅದನ್ನು ಟೆಕ್ಸಸ್ ಬಿಸಿಲಿಗೆ ಕಾರಿನಲ್ಲಿ ಬೇಯಲು ಬಿಡಬಾರದು. ಅಂಗಳದ ಕೊಂಬೆಗಳಿಗೆ ಚೈನ್ ಸುತ್ತುವ ಬಾರ್ 14 ಅಂಗುಲದ್ದಾದರೆ ಧಾರಾಳ ಸಾಕು. ದೊಡ್ಡದು ಬರೀ ಜಂಬ. ಪೆಟ್ರೋಲ್ ಬೆರೆಸುವ, ಹಗ್ಗ ಜಗ್ಗುವ ರಗಳೆ ತಪ್ಪಿತೆಂದು ಚೈನಿಗೆ ಎಣ್ಣೆ ಹಾಕುವುದನ್ನು ಮರೆಯುವವರುಂಟು. ಸದ್ದು ಕಡಿಮೆಯೆಂದು ಸದರವೂ ಸಲ್ಲ: ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಖದತ್ತ ಎಗರುತ್ತದೆ. ಇನ್ನು ಓಕ್ ವಿಲ್ಟ್ ರೋಗದ ಭಯದಿಂದ ಫೆಬ್ರುವರಿಯಿಂದ ಜೂನ್‌ವರೆಗೆ ಓಕ್ ಕಡಿಯದಿರಲು ಟೆಕ್ಸಸ್ ಎ&ಎಂ ಅರಣ್ಯ ಸೇವೆ ಹೇಳುತ್ತದೆ. ಗಾಳಿಗೆ ಮುರಿದದ್ದನ್ನು ಕಡಿಯಲೇಬೇಕಾದರೆ ಮರದ ಗಾಯಕ್ಕೆ ಕೂಡಲೇ ಬಣ್ಣ ಬಳಿಯಿರಿ.