ಫಾರಂ ಆಮೇಲೆ, ಮೊದಲು ಕುರಿಗಾಹಿಯ ಮಾತು

ನೈರೋಬಿಯಲ್ಲಿ ಕೂತು ಆರೋಗ್ಯ ಕಾರ್ಯಕರ್ತರಿಗೆ ಸಾಂಕ್ರಾಮಿಕ ರೋಗಗಳ ಕಣ್ಗಾವಲಿನ ಕೈಪಿಡಿ ಬರೆಯುವುದು ನನ್ನ ಹೊಟ್ಟೆಪಾಡು. ಹುಟ್ಟಿದ್ದು ಸಾಗರದ ಸೀಮೆಯಲ್ಲಿ. ಕಾಡಿನಲ್ಲಿ ಮಂಗ ಸತ್ತರೆ ಊರಿಗೆ ಜ್ವರ ಬಂದೀತೆಂದು ನಮಗೆ ಯಾವ ಸ್ಲೈಡೂ ಕಲಿಸಬೇಕಿರಲಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಗುರುತಿಗೆ ಬಂದದ್ದೂ ಸತ್ತ ಮಂಗಗಳ ಜಾಡು ಹಿಡಿದೇ.

ಕೀನ್ಯಾದಲ್ಲೂ ಅದೇ ಕಥೆ. 2006ರ ಕೊನೆಯಲ್ಲಿ ಮಳೆ ಹುಚ್ಚೆದ್ದು ಸುರಿದ ಮೇಲೆ ಈಶಾನ್ಯದ ಗರಿಸ್ಸಾ ಕಡೆಯಿಂದ, ಜಾನುವಾರುಗಳಿಗೂ ಜನರಿಗೂ ತಗಲುವ ರಿಫ್ಟ್ ವ್ಯಾಲಿ ಜ್ವರ ಹಬ್ಬಿ 150ಕ್ಕೂ ಹೆಚ್ಚು ಜನ ಸತ್ತರು. ಸೊಳ್ಳೆ ಮುತ್ತಿದ್ದು, ಕುರಿ-ಮೇಕೆಗಳು ಸಾಲುಸಾಲಾಗಿ ಕಂದು ಹಾಕಿದ್ದು ಅಲ್ಲಿನ ಸೊಮಾಲಿ ಕುರಿಗಾಹಿಗಳ ಕಣ್ಣಿಗೆ ಆಸ್ಪತ್ರೆಗಿಂತ ಮೊದಲೇ ಬಿದ್ದಿತ್ತು.

ಆದರೂ ನಾವು ಬರೆಯುವ ಕೈಪಿಡಿಗಳು ಶುರುವಾಗುವುದು ಫಾರಂನಿಂದ. ಇಲ್ಲಿ ಎಂಒಎಚ್ 505 ಎಂಬ ವಾರದ ವರದಿ, ಭಾರತದಲ್ಲಿ ರೋಗ ಕಣ್ಗಾವಲಿನ ಎಸ್, ಪಿ, ಎಲ್ ನಮೂನೆಗಳು. ತುಂಬುವುದು ಹೇಗೆಂದು ಪುಟಗಟ್ಟಲೆ ಹೇಳುತ್ತೇವೆ. ಕಳಿಸಿದ ಮೇಲೆ ಏನಾಯಿತೆಂದು ನೈರೋಬಿಯ ಕಿಬೇರಾ ಕೊಳೆಗೇರಿಯ ಗಲ್ಲಿ ಸುತ್ತುವ ಕಾರ್ಯಕರ್ತೆಗೆ ತಿರುಗಿ ಹೇಳುವವರು ಅಪರೂಪ. ಉತ್ತರವೇ ಬಾರದ ಕಾಗದವನ್ನು ಆಕೆ ಎಷ್ಟು ವಾರ ಬರೆದಾಳು? 2023ರಲ್ಲಿ ಕೀನ್ಯಾ ಸರ್ಕಾರ ಸುಮಾರು ಒಂದು ಲಕ್ಷ ಕಾರ್ಯಕರ್ತರಿಗೆ ಕಿಟ್ಟು, ಫೋನು ಕೊಡಲು ಹೊರಟಿತು. ಒಳ್ಳೆಯದೇ. ಆದರೆ ಫೋನೂ ಒಮ್ಮುಖದ ಟಪಾಲಾದರೆ ಏನು ಬಂತು?

ಕೈಪಿಡಿ ಬರೆಸುವವರಲ್ಲಿ ನನ್ನ ಬೇಡಿಕೆ ಇಷ್ಟು: ಮೊದಲ ಕರಡನ್ನೇ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಸ್ವಾಹಿಲಿಯಲ್ಲಿ ಬರೆಸಿ. ಅವರದೇ ಸೀಮೆಯ ಒಂದು ನಿಜ ಪ್ರಕರಣವನ್ನು ಮೊದಲ ಪುಟದಲ್ಲಿಡಿ. ವರದಿಗೆ ಎಷ್ಟು ದಿನದೊಳಗೆ ಉತ್ತರ ಬರಬೇಕೆಂಬುದನ್ನೂ ಅಚ್ಚು ಹಾಕಿಸಿ. ಶಿವಮೊಗ್ಗದಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವವರಿಗೂ ಇದೇ ಮಾತು.